ಮುಖದ ಗುರುತು

ನಮ್ಮೂರಿನಲ್ಲಿ ಉಪ್ಪಿನಕಾಯಿ ಜಾಡಿಯ ಮೇಲೆ ಯಾರೂ ‘ಕೆಡುವುದಿಲ್ಲ’ ಎಂದು ಬರೆಯುವುದಿಲ್ಲ, ‘ಇನ್ನೂ ಕೆಟ್ಟಿಲ್ಲ’ ಎಂದು ಬರೆಯುತ್ತಾರೆ. ನಮ್ಮೂರಿನ ಕೈ ಬರೆದು ನಮ್ಮೂರಿನ ಅಂಟಿನಲ್ಲಿ ಅಂಟಿಸಿದ ಚೀಟಿ ತಾನು ಹೇಳಿದ್ದನ್ನು ಮಾಡಿಯೇ ತೀರುತ್ತದೆ. ಹಿಂದೊಮ್ಮೆ ದಿನಸಿ ಅಂಗಡಿಯ ಚೆನ್ನಬಸಪ್ಪ ಆಸೆಬಿದ್ದು ಬೆಲ್ಲದ ಡಬ್ಬಿಯ ಮೇಲೆ ‘ಮುಗಿಯದ ಬೆಲ್ಲ’ ಎಂದು ಬರೆದಿದ್ದ. ಡಬ್ಬಿ ತುಂಬಿತು, ಅಂಗಡಿ ತುಂಬಿತು, ಬೆಲ್ಲ ಬೀದಿಗೆ ಇಳಿಯಿತು. ಇರುವೆಗಳೇ ಊರಿನ ಯಜಮಾನಿಕೆ ವಹಿಸಿಕೊಂಡ ಮೇಲೆ ಹಿರಿಯರು ಹೋಗಿ ಚೀಟಿಯನ್ನು ಕೆರೆದು ತೆಗೆದರು. ಹೊಸ ಬೆಲ್ಲ ನಿಂತಿತು. ಬಂದ ಬೆಲ್ಲ ಮಾತ್ರ ಹಿಂದಕ್ಕೆ ಹೋಗಲಿಲ್ಲ. ಆ ವರ್ಷವೆಲ್ಲ ನಾವು ಸಾರಿಗೂ ಬೆಲ್ಲ ಹಾಕಿಕೊಂಡು ಉಂಡೆವು.

ಅಂದಿನಿಂದ ನಮ್ಮ ಜನ ಅಳೆದು ಬರೆಯುವುದನ್ನು ಕಲಿತರು. ಕಷಾಯದ ಸೀಸೆಯ ಮೇಲೆ ‘ಕೆಮ್ಮಿಗೆ’ ಎಂದು ಬರೆಯುವ ಮುಂಚೆ, ಹೀಗೆ ಬರೆದ ಚೀಟಿ ಕೆಮ್ಮನ್ನು ಕಳಿಸುತ್ತದೋ ಕರೆಯುತ್ತದೋ ಎಂದು ಮನೆಮಂದಿಯೆಲ್ಲ ಕೂತು ಚರ್ಚಿಸುತ್ತಾರೆ. ಹೊಳೆಯ ಸೇತುವೆ ದಾಟಿದ ಮೇಲೆ ಚೀಟಿ ಬರಿಯ ಕಾಗದ. ಆದ್ದರಿಂದಲೇ ಸಾಹುಕಾರರು ಹಳೆಯ ಸುಂಕದ ಕಟ್ಟೆಯಲ್ಲಿ ಮುಖಕ್ಕೆ ಹಚ್ಚುವ ಕ್ರೀಮಿನ ಕಾರಖಾನೆ ತೆರೆದಾಗ ಊರು ಹೆದರಲಿಲ್ಲ. ಕಾರಖಾನೆ ಅಂದರೆ ಅಲ್ಲಿ ಏನನ್ನೂ ಮಾಡುತ್ತಿರಲಿಲ್ಲ. ದೋಣಿಯಲ್ಲಿ ಫ್ರಾನ್ಸಿನ ಡಬ್ಬಿಗಳು ಬರುತ್ತಿದ್ದವು. ಅವುಗಳ ಮೇಲಿನ ಫ್ರೆಂಚ್ ಬರಹವನ್ನು ಇಂಗ್ಲಿಷಿಗೆ ತಿರುಗಿಸಿ, ಹೊಸ ಚೀಟಿ ಅಂಟಿಸಿ, ಲಾರಿಗೆ ತುಂಬಿ ಸೇತುವೆಯಾಚೆಗೆ ಕಳಿಸುವುದಷ್ಟೇ ಕೆಲಸ. ಊರೊಳಗೆ ಡಬ್ಬಿಯ ಮುಚ್ಚಳ ತೆಗೆಯಬಾರದು, ಅದೊಂದೇ ಕಟ್ಟಳೆ.

ನಾನು ಅಲ್ಲಿ ಅಂಟು ಹಚ್ಚುವವಳು. ನನ್ನ ಹೆಸರು ಹೊನ್ನಮ್ಮ. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ ಬಂದು ಮೈದಾ ಕಾಯಿಸಿ ಅಂಟು ಮಾಡುತ್ತಿದ್ದೆ. ನನ್ನೆದುರಿನ ಮೇಜಿನ ಆ ಬದಿ ಬ್ರಿಜಿತಮ್ಮ, ಈ ಬದಿ ನೀಲಕಂಠ ಮೇಷ್ಟ್ರು. ಬ್ರಿಜಿತಮ್ಮ ಚಿಕ್ಕಂದಿನಲ್ಲಿ ಫ್ರೆಂಚ್ ಸನ್ಯಾಸಿನಿಯರ ಮಠದಲ್ಲಿ ಬೆಳೆದವರು. ಅವರಿಗೆ ಫ್ರೆಂಚ್ ನೀರಿನ ಹಾಗೆ, ಆದರೆ ಇಂಗ್ಲಿಷಿನ ಒಂದಕ್ಷರ ಬಾರದು. ಮೇಷ್ಟ್ರು ಇಂಗ್ಲಿಷ್ ಪಾಠ ಹೇಳಿದವರು, ಅವರಿಗೆ ಫ್ರೆಂಚ್ ಬಾರದು. ಹೀಗಾಗಿ ಫ್ರಾನ್ಸಿನಿಂದ ಹೊರಟ ಮಾತು ಇಂಗ್ಲೆಂಡಿಗೆ ಹೋಗುವ ದಾರಿಯಲ್ಲಿ ನಮ್ಮ ಕನ್ನಡದ ಜಗಲಿಯ ಮೇಲೆ ಒಂದಷ್ಟು ಹೊತ್ತು ಕೂತು, ನೀರು ಕುಡಿದು ಮುಂದೆ ಹೋಗುತ್ತಿತ್ತು.

“ಇದು ಹಾಲು ಅಂತೈತೆ ಮೇಷ್ಟ್ರೇ, ಆದರೆ ಹಾಲಲ್ಲ. ಮುಖದ ಬಣ್ಣ ಒರೆಸೋ ಹಾಲು.”

“ಹಾಲಲ್ಲದ ಹಾಲು. ಆಗಲಿ, ಮುಂದೆ ಹೇಳಿ.”

“ಇದು ಗೊಮಾಜ್. ಅಂದ್ರೆ ರಬ್ಬರಲ್ಲಿ ಅಳಿಸ್ತಾರಲ್ಲ, ಹಂಗೆ ಚರ್ಮ ಉಜ್ಜೋದು.”

“ಚರ್ಮ ಏನು ಸ್ಲೇಟಾ ಬ್ರಿಜಿತಮ್ಮ?”

“ನಾನೇನು ಬರೆದವಳಾ? ಓದೋಳು. ನೀವು ಬರೆಯೋರು, ನೀವೇ ಕೇಳ್ಕಳಿ ಅವರನ್ನ.”

ಹೀಗೆ ನಗುನಗುತ್ತಲೇ ಕೆಲಸ ಸಾಗುತ್ತಿತ್ತು. ಒಂದು ಪದ ಮಾತ್ರ ಅವರಿಬ್ಬರಿಗೂ ಯಾವಾಗಲೂ ಕಷ್ಟ ಕೊಡುತ್ತಿತ್ತು. ‘ಸ್ವ್ಯಾಂ’ ಎಂಬುದು. ಫ್ರೆಂಚರು ಪ್ರತಿ ಡಬ್ಬಿಯ ಮೇಲೂ ಅದನ್ನು ಬರೆಯುತ್ತಾರೆ. ಬ್ರಿಜಿತಮ್ಮ ಅದನ್ನು ಆರೈಕೆ ಎನ್ನುತ್ತಿದ್ದರು, ಬಾಣಂತಿಗೆ ಮಾಡುವುದು, ಹಸುಗೂಸಿಗೆ ಮಾಡುವುದು. ಮೇಷ್ಟ್ರು ಅದನ್ನು ‘ಟ್ರೀಟ್‌ಮೆಂಟ್’ ಎಂದು ಬರೆಯುತ್ತಿದ್ದರು. ಅದನ್ನು ಕನ್ನಡದಲ್ಲಿ ಕೇಳಿ ತಿಳಿದುಕೊಂಡಾಗಲೆಲ್ಲ ಬ್ರಿಜಿತಮ್ಮ, “ಅದು ಆಸ್ಪತ್ರೆ ಮಾತಾಯ್ತಲ್ರೀ, ಮಠದಲ್ಲಿ ನಮ್ಮ ತಲೆ ಬಾಚ್ತಿದ್ರಲ್ಲ ಮದರ್, ಅದು ಸ್ವ್ಯಾಂ,” ಎಂದು ಮುಖ ಸಣ್ಣ ಮಾಡುತ್ತಿದ್ದರು. ಮೇಷ್ಟ್ರು, “ಹೊರಗಿನವರು ಹಂಗೇ ಕೊಳ್ಳೋದಮ್ಮಾ,” ಎಂದು ಮುಂದಿನ ಡಬ್ಬಿಗೆ ಕೈ ಚಾಚುತ್ತಿದ್ದರು.

ಅವತ್ತು ಬಂದದ್ದು ಹಸಿರು ಮುಚ್ಚಳದ ಪುಟ್ಟ ಡಬ್ಬಿ. ಬ್ರಿಜಿತಮ್ಮನಿಗೆ ಹಲ್ಲುನೋವು. ದವಡೆಗೆ ಸೆರಗು ಒತ್ತಿಕೊಂಡು, ಫ್ರೆಂಚನ್ನು ಬಾಯಿಬಿಟ್ಟು ಓದುವ ಗೋಜಿಗೂ ಹೋಗದೆ, ಅರ್ಥ ಮಾತ್ರ ಹೇಳುತ್ತ ಹೋದರು. ಮೊದಲ ಸಾಲು, ಕಲೆ ತಿಳಿಯಾಗುತ್ತದೆ. ಎರಡನೆಯದು, ಸುಕ್ಕು ಸಡಿಲುತ್ತದೆ. ಮೂರನೆಯದಕ್ಕೆ ಅವರು, “ಮುಖದ ಗುರುತು ಅಳಿಸಿಹೋಗ್ತದೆ,” ಎಂದರು.

ಮೇಷ್ಟ್ರು ಪೆನ್ನು ಎತ್ತಿದರು. “ಗುರುತು ಅಂದ್ರಾ? ಕಲೆ ಆಗಲೇ ಬಂತಲ್ಲ.”

“ಕಲೆ ಬೇರೆ, ಇದು ಗುರುತು. ಬರ್ಕಳಿ, ನನಗೆ ಮಾತಾಡಕ್ಕಾಗ್ತಿಲ್ಲ.”

ಕಲೆ ಬೇರೆ, ಗುರುತು ಬೇರೆ. ಮೇಷ್ಟ್ರು ಆ ಮಾತನ್ನು ಬಾಯಲ್ಲಿ ಹೊರಳಿಸಿಕೊಂಡು ಕಿಟಕಿಯ ಕಡೆ ನೋಡಿದರು. ಗುರುತು ಸಿಗದ ಹಾಗೆ ಬದಲಾಗುವುದು. ಎದುರಿಗೆ ಬಂದರೂ ಇವಳೇನಾ ಅವಳು ಎಂದು ಜನ ಬೆರಗಾಗುವ ಹಾಗೆ ಚೆಲುವೆಯಾಗುವುದು. ಫ್ರೆಂಚರ ಜಂಬಕ್ಕೆ ಇದು ಒಪ್ಪುವ ಮಾತೇ ಎಂದು ಅವರಿಗೆ ತೋರಿತು. ‘ನೋ ಒನ್ ವಿಲ್ ನೋ ಯೂ’ ಎಂದು ಬರೆದರು. ಯಾರಿಗೂ ನಿಮ್ಮ ಗುರುತು ಸಿಗುವುದಿಲ್ಲ. ಸಾಹುಕಾರರು ಓದಿ ತೊಡೆ ತಟ್ಟಿಕೊಂಡರು. ಇಷ್ಟು ದಿನದಲ್ಲಿ ಇಂಥ ಸಾಲು ಬಂದಿರಲಿಲ್ಲ ಎಂದರು. ನಾನು ಅಂಟು ಹಚ್ಚಿದೆ.

ಮೇಷ್ಟ್ರ ಹೆಂಡತಿ ಸರ್ವಮಂಗಳೆ. ಮಧ್ಯಾಹ್ನ ಬುತ್ತಿ ತರುತ್ತಿದ್ದಳು. ಅವಳ ಬಲಗೆನ್ನೆಯ ಮೇಲೆ, ಯಾವಾಗಲೋ ಹಪ್ಪಳ ಕರಿಯುವಾಗ ಸಿಡಿದ ಎಣ್ಣೆಯ ಗುರುತೊಂದು ಹುಣಿಸೆಬೀಜದಷ್ಟು ಉಳಿದಿತ್ತು. ಮುಚ್ಚಳ ಸೀಳಿದ ಡಬ್ಬಿಗಳನ್ನು ಲಾರಿಗೆ ಹಾಕದೆ ಮೂಲೆಯಲ್ಲಿ ಇಡುತ್ತಿದ್ದೆವು. ಅವುಗಳಲ್ಲಿ ಹಸಿರು ಮುಚ್ಚಳದ್ದೊಂದನ್ನು ಎತ್ತಿಕೊಂಡು ಅವಳು ಬ್ರಿಜಿತಮ್ಮನನ್ನು ಕೇಳಿದಳು. “ಇದರಲ್ಲಿ ಏನಂತಿದೆಯಮ್ಮಾ?”

“ಮುಖದ ಗುರುತು ಅಳಿಸ್ತದಂತೆ ಮಗಳೇ. ಆದರೆ ಊರೊಳಗೆ ತೆಗೀಬೇಡ, ಕಟ್ಟಳೆ ಐತೆ.”

“ಬರೆದವರು ನಮ್ಮನೆಯವರು. ಅವರು ಯಾರಿಗಾದರೂ ಕೆಟ್ಟದ್ದು ಬರೀತಾರಾ?” ಎಂದು ನಕ್ಕು ಅವಳು ಡಬ್ಬಿಯನ್ನು ಸೆರಗಿಗೆ ಕಟ್ಟಿಕೊಂಡಳು. ನಾವಿಬ್ಬರೂ ನೋಡಿಯೂ ಸುಮ್ಮನಿದ್ದೆವು. ಒಂದು ಹುಣಿಸೆಬೀಜದಷ್ಟು ಆಸೆ, ಅದಕ್ಕೇನು ಎಂದುಕೊಂಡೆವು.

ಮರುದಿನ ಬೆಳಿಗ್ಗೆ ಮೇಷ್ಟ್ರು ಹಾಸಿಗೆಯಿಂದೆದ್ದು ಅಡುಗೆಮನೆಗೆ ಬಂದರೆ ಒಬ್ಬಳು ಹೆಂಗಸು ಕಾಫಿ ಸೋಸುತ್ತಿದ್ದಳು. ಕೆನ್ನೆ ನುಣುಪಾಗಿತ್ತು, ಗುರುತಿರಲಿಲ್ಲ. “ಯಾರಮ್ಮಾ ತಾವು? ಸರ್ವಮಂಗಳ ಎಲ್ಲಿ?” ಎಂದರು. ಹೆಂಗಸು ನಕ್ಕಳು. “ನೋಡಿ, ನಿಮ್ಮ ಚೀಟಿ ಕೆಲಸ ಮಾಡ್ತು,” ಎಂದಳು. ಮೇಷ್ಟ್ರು ನಗಲಿಲ್ಲ. ಬಾಗಿಲ ಕಡೆ ಹಿಂದೆ ಹಿಂದೆ ಸರಿದರು. ಮಗಳು ಉಮೆ ಎದ್ದು ಬಂದವಳೇ ಅಪ್ಪನ ಕಾಲಿಗೆ ಅಂಟಿಕೊಂಡು, “ಅಮ್ಮ ಬೇಕು,” ಎಂದು ಅಳತೊಡಗಿತು. ಹೆಂಗಸಿನ ಕೈಯಲ್ಲಿದ್ದ ಲೋಟ ಆಗ ಕೆಳಗೆ ಬಿತ್ತು.

ಸ್ವಲ್ಪ ಹೊತ್ತಿಗೆ ಕಾರಖಾನೆಗೆ ಒಬ್ಬಳು ಅಪರಿಚಿತೆ ಓಡಿಬಂದು ನನ್ನ ಕೈ ಹಿಡಿದುಕೊಂಡಳು. “ಹೊನ್ನಕ್ಕಾ, ನಾನು, ನಾನು ಕಣೇ.” ನನಗೆ ಯಾರೆಂದು ತಿಳಿಯಲಿಲ್ಲ. ಸಂತೆಗೆ ಬಂದವಳು ದಾರಿ ತಪ್ಪಿರಬೇಕು ಎನ್ನಿಸಿತು. “ನೀರು ಕೊಡ್ಲಾ ತಾಯಿ?” ಎಂದೆ. ಆ ಮಾತು ಕೇಳಿದಾಗ ಅವಳ ಕಣ್ಣಲ್ಲಿ ಆದದ್ದನ್ನು ನಾನು ಹೇಳಲಾರೆ.

ಮೇಷ್ಟ್ರೂ ಹಿಂದೆಯೇ ಬಂದರು. ಅವಳು ಸೆರಗಿನಿಂದ ಹಸಿರು ಮುಚ್ಚಳದ ಡಬ್ಬಿ ತೆಗೆದಿಟ್ಟಾಗಲೇ ಅವಳು ಯಾರೆಂದು ನಾವು ಲೆಕ್ಕ ಹಾಕಿ ತಿಳಿದದ್ದು. ಬ್ರಿಜಿತಮ್ಮ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಇಂಗ್ಲಿಷಿನಲ್ಲಿ ಏನು ಬರೆದಿರಿ ಎಂದು ಕೇಳಿದರು. ಮೇಷ್ಟ್ರು ಹೇಳಿದರು. ಬ್ರಿಜಿತಮ್ಮ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. “ಅಯ್ಯೋ ದೇವರೇ. ಅದು ಆ ಗುರುತಲ್ಲ ಮೇಷ್ಟ್ರೇ. ಒದ್ದೆ ಮಣ್ಣಲ್ಲಿ ಕಾಲಿಟ್ಟರೆ ಉಳಿಯೋದಿಲ್ವಾ, ಅದು. ವರ್ಷಗಳು ಮುಖದ ಮೇಲೆ ಕಾಲಿಟ್ಟು ಹೋದ ಗುರುತು ಅಂತ ಅವರು ಬರೆದಿರೋದು.”

“ಕನ್ನಡದಲ್ಲಿ ಎರಡಕ್ಕೂ ಇರೋದು ಒಂದೇ ಮಾತಮ್ಮಾ,” ಎಂದರು ಮೇಷ್ಟ್ರು. ಅವರು ಯಾರನ್ನೂ ದೂರುತ್ತಿರಲಿಲ್ಲ. ತಮ್ಮ ಮಾತಿನ ಮನೆಯಲ್ಲಿ ಇಷ್ಟು ದಿನ ಕಾಣದ ಬಾವಿಯೊಂದನ್ನು ಕಂಡವರಂತೆ ಕೂತಿದ್ದರು.

ಚೀಟಿಯನ್ನು ಕೆರೆದೆವು. ಬೆಲ್ಲ ಹಿಂದಕ್ಕೆ ಹೋಗದ ಊರಿನಲ್ಲಿ ಅದರಿಂದ ಏನೂ ಆಗುವುದಿಲ್ಲವೆಂದು ತಿಳಿದೇ ಕೆರೆದೆವು.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಸರ್ವಮಂಗಳೆ ತನ್ನ ಮನೆಯಲ್ಲೇ ಬಾಡಿಗೆಗೆ ಬಂದವಳಂತೆ ಇದ್ದಳು. ಇವಳೇ ನನ್ನ ಹೆಂಡತಿ ಎಂದು ಮೇಷ್ಟ್ರು ಬುದ್ಧಿಗೆ ಹೇಳಿಕೊಳ್ಳುತ್ತಿದ್ದರು. ಬುದ್ಧಿ ಒಪ್ಪುತ್ತಿತ್ತು. ಆದರೆ ಅವಳು ತಟ್ಟೆ ಇಟ್ಟಾಗ, “ತಮಗೆ ತೊಂದರೆ ಆಯ್ತು,” ಎಂಬ ಮಾತು ಅವರ ಬಾಯಿಂದ ತಾನಾಗಿ ಬಂದುಬಿಡುತ್ತಿತ್ತು. ಹೆಂಡತಿಯ ನೆನಪು ಅವರಿಗಿತ್ತು, ಆದರೆ ಆ ನೆನಪಿನಲ್ಲಿ ಅವಳು ಬೆನ್ನು ತಿರುಗಿಸಿ ನಿಂತಿರುತ್ತಿದ್ದಳು. ಹಾಲಿನವನು ದಿನವೂ, “ಹೊಸದಾಗಿ ಬಂದ್ರಾ ಅಮ್ಮಾ?” ಎನ್ನುತ್ತಿದ್ದ. ಎದುರುಮನೆಯವಳು ನೆಂಟರೇನೋ ಎಂದು ಕುಂಕುಮ ಕೊಟ್ಟು ಕಳಿಸಿದಳು. ಇದೆಲ್ಲವನ್ನೂ ಅವಳು ತಡೆದುಕೊಂಡಳು. ಉಮೆ ಅವಳ ಕೈಯಿಂದ ತುತ್ತು ತಿನ್ನಲಿಲ್ಲ. ಅದೊಂದನ್ನು ತಡೆದುಕೊಳ್ಳಲು ಅವಳಿಗೆ ಆಗಲಿಲ್ಲ. ಮಗು ಬಾಯಿ ಬಿಗಿದುಕೊಂಡು ಗೋಡೆಯ ಕಡೆ ತಿರುಗುತ್ತಿತ್ತು. ದಿನದಿನಕ್ಕೆ ಅದರ ಭುಜದ ಮೂಳೆ ಎದ್ದು ಕಾಣತೊಡಗಿತು.

ಒಂದು ಸಂಜೆ ಅವಳು ನನ್ನ ಜೊತೆ ಈಶ್ವರನ ಗುಡಿಗೆ ಬಂದಳು. ಪ್ರತಿ ಸೋಮವಾರ ಅವಳ ಹೆಸರಿನಲ್ಲಿ ಅರ್ಚನೆ ಮಾಡುತ್ತಿದ್ದ ಪೂಜಾರಪ್ಪ, “ಯಾವ ಊರಮ್ಮಾ? ಹೆಸರು, ನಕ್ಷತ್ರ?” ಎಂದು ಕೇಳಿದ. ಅವಳು ಹೇಳಿದಳು. ಮಂಗಳಾರತಿಯ ಬೆಳಕಿನಲ್ಲಿ ಲಿಂಗವನ್ನೇ ನೋಡುತ್ತ ನಿಂತವಳು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು.

“ಹೊನ್ನಕ್ಕಾ, ‘ಯಾರಿಗೂ’ ಅಂತ ಬರೆದಿದಾರಲ್ಲ, ಅದರಲ್ಲಿ ಅವನೂ ಸೇರ್ತಾನಾ?”

“ಬಿಡ್ತು ಅನ್ನು. ಅವನೇನು ಯಾರೋ ಒಬ್ಬನಾ, ‘ಯಾರಿಗೂ’ ಅನ್ನೋದರಲ್ಲಿ ಬರೋಕೆ?” ಎಂದೆ. ಧೈರ್ಯದಿಂದಲೇ ಅಂದೆ. ಮನೆಗೆ ಬಂದು ನನ್ನ ದೇವರ ಮುಂದೆ ಕೂತಾಗ ಮಾತ್ರ ಆ ಪ್ರಶ್ನೆಯನ್ನು ಅವನಿಗೇ ಒಪ್ಪಿಸಿದೆ.

ಇನ್ನೊಂದು ಚೀಟಿ ಬರೆಯುವುದೊಂದೇ ದಾರಿ ಉಳಿದಿತ್ತು. ಕಾರಖಾನೆಯ ಮೇಜಿನ ಸುತ್ತ ನಾವು ನಾಲ್ವರೂ ಕೂತೆವು. ಆಗ ಮಧ್ಯಾಹ್ನ, ಹೊಳೆಯ ಮೇಲಿನ ಬಿಸಿಲು ಸೂರಿನಲ್ಲಿ ಆಡುತ್ತಿತ್ತು. ಉಮೆಯನ್ನು ಹೊರಗೆ ಜಗಲಿಯ ಮೇಲೆ ಕೂರಿಸಿದ್ದೆವು. ಮೇಷ್ಟ್ರು ಬರೆದದ್ದು, ‘ಇದನ್ನು ಹಚ್ಚಿದವರ ಗುರುತು ಎಲ್ಲರಿಗೂ ಸಿಗುತ್ತದೆ.’ ಈ ಸಲ ಇಂಗ್ಲಿಷ್ ಬೇಡವೆಂದಿದ್ದೆವು, ನಡುವೆ ಇನ್ನೊಂದು ಭಾಷೆ ಬೇಡವೆಂದಿದ್ದೆವು.

ಬ್ರಿಜಿತಮ್ಮ ಅದನ್ನು ಓದಿಸಿಕೊಂಡು ಕೇಳಿ, “ಯಾರು ಅಂತ ಗುರುತು ಸಿಗೋದು?” ಎಂದರು.

“ಅಂದ್ರೆ?”

“ಹಾಲಿನೋನು ಅವನ ಸತ್ತ ತಂಗಿ ಅಂದ್ಕೊಂಡರೆ? ನೀವು ನಿಮ್ಮ ತಾಯಿ ಅಂತ ಕಾಲಿಗೆ ಬಿದ್ದರೆ? ಚೀಟಿಗೆ ಅದೂ ಗುರುತೇ ಅಲ್ವಾ. ಯಾರು ಅಂತ ಬರೀರಿ. ಬಿಡಿಸಿ ಬರೀರಿ.”

ಮಾತು ಸರಿಯಾಗಿತ್ತು. ನಾನು ಉದ್ದನೆಯ ಕಾಗದ ಕತ್ತರಿಸಿಕೊಟ್ಟೆ. ಪುಟ್ಟ ಡಬ್ಬಿ ಸಾಲದೆಂದು ಉಪ್ಪಿನಕಾಯಿಯ ದೊಡ್ಡ ಜಾಡಿಯನ್ನು ತೊಳೆದು, ಕ್ರೀಮನ್ನು ಅದಕ್ಕೆ ತುಂಬಿಸಿದೆ. ಎಷ್ಟು ಬೇಕಾದರೂ ಬರೆಯಬಹುದಿತ್ತು. ಮೇಷ್ಟ್ರು ಬರೆದರು. ‘ಇದನ್ನು ಹಚ್ಚಿದವಳು ಸರ್ವಮಂಗಳೆ. ನೀಲಕಂಠನ ಹೆಂಡತಿ. ಉಮೆಯ ತಾಯಿ. ಒಳ್ಳೆಯವಳು. ರುಚಿಯಾಗಿ ಅಡುಗೆ ಮಾಡುವವಳು.’ ಅಲ್ಲಿಗೆ ಪೆನ್ನು ನಿಂತಿತು. ಕಾಗದ ಇನ್ನೂ ಮೊಳದುದ್ದ ಖಾಲಿ ಇತ್ತು.

ಅವರು ಎದುರಿಗಿದ್ದ ಹೆಂಗಸನ್ನು ನೋಡಿದರು. ಕಣ್ಣು ಮುಚ್ಚಿಕೊಂಡು ನೋಡಿದರು. ಊರಿನ ಅಷ್ಟೂ ಡಬ್ಬಿಗಳಿಗೆ ಕಾಂತಿ, ನುಣುಪು, ಹೊಳಪು, ಹೊಸತನ ಎಂದು ಸಾಲುಸಾಲು ಬರೆದ ಕೈ ಅದು. ಹಣೆಯ ಬೆವರು ಕಾಗದದ ಮೇಲೆ ತೊಟ್ಟಿಕ್ಕಿತು.

“ಇಷ್ಟೇನಾ?” ಎಂದಳು ಸರ್ವಮಂಗಳೆ.

“ಹೇಳು. ನೀನು ಹೇಳಿದ್ದನ್ನೆಲ್ಲ ಬರೀತೀನಿ.”

“ನಾನು ಯಾರು ಅಂತ ನಾನೇ ನಿಮಗೆ ಹೇಳಬೇಕಾ?” ಎಂದಳು. ಆದರೂ ಹೇಳಿದಳು. ಮಧ್ಯಾಹ್ನವೆಲ್ಲ ಹೇಳಿದಳು. ಅವಳು ಏನೇನು ಹೇಳಿದಳೆಂದು ನನಗೆ ಈಗ ನೆನಪಿಲ್ಲ. ಕೇಳುತ್ತ ಬ್ರಿಜಿತಮ್ಮ ಒಮ್ಮೆ ಹಲ್ಲುನೋವು ಮರೆತು ಬಿದ್ದು ಬಿದ್ದು ನಕ್ಕದ್ದು, ಒಮ್ಮೆ ನಾನು ಕಣ್ಣೊರೆಸಿಕೊಂಡದ್ದು ಮಾತ್ರ ನೆನಪಿದೆ. ಮೇಷ್ಟ್ರು ಬಗ್ಗಿ ಬರೆಯುತ್ತಲೇ ಇದ್ದರು. ಬರೆದದ್ದನ್ನು ಓದಿ ಹೇಳುತ್ತಿದ್ದರು. ಅವಳು ಅರ್ಧ ಗಳಿಗೆ ಹೇಳಿದ ಮಾತು ಅವರ ಕೈಯಲ್ಲಿ ‘ಹಾಸ್ಯಪ್ರವೃತ್ತಿಯವಳು’ ಎಂದಾಗುತ್ತಿತ್ತು. ಇನ್ನೊಂದು, ‘ಕಷ್ಟಸಹಿಷ್ಣು’ ಎಂದಾಗುತ್ತಿತ್ತು. ಮತ್ತೊಂದು, ‘ದೈವಭಕ್ತೆ’. ಪ್ರತಿ ಪದ ಕೇಳಿದಾಗಲೂ ಅವಳು, “ಅದಲ್ಲ, ಅದಲ್ಲ ರೀ,” ಎನ್ನುತ್ತಿದ್ದಳು. ಅವರು ಹೊಡೆದುಹಾಕುತ್ತಿದ್ದರು. ಬರೆಯುತ್ತಿದ್ದರು. ಹೊಡೆದುಹಾಕುತ್ತಿದ್ದರು. ಅವಳು ಸುಮ್ಮನಾಗುವ ಹೊತ್ತಿಗೆ ಕಾಗದದ ಮೇಲೆ ಹೊಡೆದುಹಾಕದೆ ಉಳಿದದ್ದು ಮೊದಲು ಬರೆದ ಆ ಸಾಲುಗಳು ಮಾತ್ರ.

“ಇನ್ನೊಂದು ದಿನ ಕೂತು ಬರೆಯೋಣ,” ಎಂದರು ಮೇಷ್ಟ್ರು. “ಒಂದು ತಿಂಗಳು ಬೇಕಾದರೂ ಕೂತು ಬರೆಯೋಣ. ಅರ್ಧಂಬರ್ಧ ಅಂಟಿಸೋದು ಬೇಡ ಕಣೇ. ಚೀಟಿಯಲ್ಲಿ ಬಿಟ್ಟುಹೋದದ್ದು ಆಮೇಲೆ ನಿನ್ನಲ್ಲಿ ಯಾರಿಗೂ ಕಾಣೋದಿಲ್ಲ.”

ಹೊರಗೆ ಜಗಲಿಯ ಮೇಲೆ ಮಗು ಅಳುತ್ತಿತ್ತು. ಜೋರಾಗಿ ಅಲ್ಲ, ಹಸಿದು ಸೋತ ಮಗು ಅಳುವ ಹಾಗೆ. ಸರ್ವಮಂಗಳೆ ಅದನ್ನೇ ಕೇಳಿಸಿಕೊಳ್ಳುತ್ತ ಕೂತಿದ್ದಳು.

“ಉಮೆಯ ತಾಯಿ ಅಂತ ಇದೆಯಾ ಅದರಲ್ಲಿ?”

“ಇದೆ.”

“ಹೊಡೆದುಹಾಕಿಲ್ಲ ತಾನೆ?”

“ಇಲ್ಲ.”

“ಹಾಗಾದರೆ ಅಂಟಿಸು ಹೊನ್ನಕ್ಕಾ.”

ನನ್ನ ಕೈ ಏಳಲಿಲ್ಲ. ಬ್ರಿಜಿತಮ್ಮ ಬೇಡ ಮಗಳೇ ಎಂದರು. ಮೇಷ್ಟ್ರು ಕಾಗದವನ್ನು ಎದೆಗೆ ಒತ್ತಿ ಹಿಡಿದುಕೊಂಡರು. ಅವಳು ಅದನ್ನು ಅವರ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಳು. ನಿದ್ದೆಹೋದ ಮಗುವಿನ ಕೈಯಿಂದ ಆಟಿಕೆ ಬಿಡಿಸಿಕೊಳ್ಳುವ ಹಾಗಿತ್ತು ಅದು. ಹೊಡೆದುಹಾಕಿದ ಭಾಗವನ್ನೆಲ್ಲ ನೀಟಾಗಿ ಹರಿದು ಬದಿಗಿಟ್ಟಳು. ನನ್ನ ಬಟ್ಟಲಿನಲ್ಲಿ ಬೆರಳು ಅದ್ದಿ, ತಾನೇ ಅಂಟು ಸವರಿ, ತಾನೇ ಅಂಟಿಸಿದಳು. ಮುಖಕ್ಕೆ ಹಚ್ಚಿಕೊಳ್ಳುವ ಮುಂಚೆ ನಮ್ಮ ಮೂವರನ್ನೂ ಒಮ್ಮೆ ನೋಡಿದಳು.

ಬೆಳಿಗ್ಗೆ ಉಮೆ ಹಾಸಿಗೆಯಿಂದಲೇ “ಅಮ್ಮಾ,” ಎಂದು ಕೂಗಿ ಓಡಿಬಂದು ಅವಳ ಕೊರಳಿಗೆ ಜೋತುಬಿತ್ತು. ತುತ್ತಿನ ಮೇಲೆ ತುತ್ತು ತಿಂದಿತು. ಮೇಷ್ಟ್ರು, “ಸರ್ವಮಂಗಳಾ,” ಎಂದು ಹೆಸರು ಹಿಡಿದು ಕರೆದು, ಕರೆದ ಹೆಸರು ಬಾಯಲ್ಲೇ ಇರುವಾಗ ಬಿಕ್ಕಿ ಬಿಕ್ಕಿ ಅತ್ತರಂತೆ. ಹಾಲಿನವನು, “ಏನಮ್ಮಾ, ಮೇಷ್ಟ್ರು ಹೆಂಡ್ರು, ಎಲ್ಲಿಗೆ ಹೋಗಿದ್ರಿ ಇಷ್ಟು ದಿನ?” ಎಂದ. ಅವಳು ಕಾರಖಾನೆಗೆ ಬುತ್ತಿ ತಂದಾಗ ನಾನೂ ಗುರುತಿಸಿದೆ. ಮೇಷ್ಟ್ರ ಹೆಂಡತಿ, ಉಮೆಯ ತಾಯಿ. ಒಳ್ಳೆಯವಳು. ರುಚಿಯಾಗಿ ಅಡುಗೆ ಮಾಡುತ್ತಾಳೆ. ದೇವರು ದೊಡ್ಡವನು ಎಂದುಕೊಂಡೆ.

ಆ ಮಧ್ಯಾಹ್ನ ಅವಳು ನನ್ನ ಪಕ್ಕದಲ್ಲಿ ಕೂತು ಏನೋ ಹೇಳಿದಳು. ನಾನು ಬೇರೆ ಏನೋ ಯೋಚಿಸುತ್ತಿದ್ದೆ. “ಏನಂದೆ?” ಎಂದು ಕೇಳಿದೆ. ಅವಳು ಮತ್ತೆ ಹೇಳಿದಳು. ನಾನು, “ಹೌದಾ, ಇವತ್ತು ಸಾರು ಚೆನ್ನಾಗಿದೆ,” ಎಂದೆ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿ ಪಾತ್ರೆ ಎತ್ತಿಕೊಂಡು ಹೋದಳು. ನಾವಿಬ್ಬರೂ ಒಂದು ಕಾಲದಲ್ಲಿ ಪಕ್ಕೆ ಹಿಡಿದುಕೊಂಡು ನಗುತ್ತಿದ್ದೆವೆಂದು ಬ್ರಿಜಿತಮ್ಮ ಹೇಳುತ್ತಾರೆ. ಯಾವುದಕ್ಕೆ ಎಂದು ಕೇಳಿದರೆ ಅವರಿಗೂ ಗೊತ್ತಿಲ್ಲ.

ಮೇಷ್ಟ್ರು ಕೆಲಸ ಬಿಟ್ಟರು. ಈಗ ಮನೆಯಲ್ಲೇ ಇರುತ್ತಾರೆ. ಅವಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿಕೊಳ್ಳುತ್ತಾರೆ. ಮೊನ್ನೆ ಏಕಾದಶಿಯ ದಿನ ಅವರ ಮನೆಗೆ ತುಳಸಿ ಕೊಡಲು ಹೋಗಿದ್ದೆ. ಬೀದಿಯಲ್ಲೇ ನನ್ನ ಕಾಲುಗಳು ನಿಂತುಬಿಟ್ಟವು. ಯಾರೋ ಹಾಡುತ್ತಿದ್ದರು. ಎಂಥ ಹಾಡು ಅದು! ಕೇಳುತ್ತಿದ್ದರೆ, ಇಷ್ಟು ವರ್ಷ ನಾನು ದೇವರ ಮುಂದೆ ಕೂತು ಬೇಡಿದ್ದೆಲ್ಲ ಬಾಯಿಪಾಠ ಎನ್ನಿಸಿತು. ಜಗಲಿಯ ಮೇಲೆ ಮೇಷ್ಟ್ರು ಎದ್ದು ನಿಂತು, ಕತ್ತು ಚಾಚಿ ಬೀದಿಯ ಆಚೆ ಈಚೆ ಹುಡುಕುತ್ತಿದ್ದರು. “ದಿನಾ ಇದೇ ಹೊತ್ತಿಗೆ ಕೇಳಿಸುತ್ತೆ ಹೊನ್ನಮ್ಮ. ಯಾರ ಮನೆಯಲ್ಲೋ ಗೊತ್ತಾಗ್ತಾ ಇಲ್ಲ,” ಎಂದರು.

ನಾನು ಒಳಗೆ ಹೋದೆ. ಅಡುಗೆಮನೆಯ ಹೊಸ್ತಿಲು ತುಳಿದ ಕೂಡಲೇ ಹಾಡು ನಿಂತಿತು. ಸರ್ವಮಂಗಳೆ ಒಬ್ಬಳೇ ಒಲೆಯ ಮುಂದೆ ಕೂತಿದ್ದಳು, ಕೊರಳಿನ ನರ ಇನ್ನೂ ಸಣ್ಣಗೆ ಮಿಡಿಯುತ್ತಿತ್ತು. ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬುದ್ಧಿ ಲೆಕ್ಕ ಹಾಕಿ ಇವಳೇ ಎನ್ನುತ್ತದೆ. ಆದರೆ ಅವಳನ್ನು ನೋಡಿದರೆ ನನ್ನ ಮನಸ್ಸು, ಇವಳು ಉಮೆಯ ತಾಯಿ, ರುಚಿಯಾಗಿ ಅಡುಗೆ ಮಾಡುವವಳು ಎಂದು ಹೇಳಿ ಅಲ್ಲಿಗೆ ನಿಂತುಬಿಡುತ್ತದೆ.

“ಯಾರಮ್ಮಾ ಅದು ಹಾಡ್ತಿದ್ದದ್ದು?” ಎಂದು ಕೇಳಿದೆ.

ಅವಳು ಸೌಟಿನಿಂದ ಸಾರು ತಿರುವುತ್ತ, “ಯಾರೋ,” ಎಂದಳು. “ಚೆನ್ನಾಗಿ ಹಾಡ್ತಾರಾ ಹೊನ್ನಕ್ಕಾ?”